ಸಿಂಥೆಟಿಕ್ ಡ್ರೆಸಾಜ್ ಜೀನು: ರೈಡಿಂಗ್ ಕ್ಲಬ್ಬಿನಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಗಲೆಟ್ ಪ್ಲೇಟ್ ಬದಲಿಸಬಹುದಾದ ಸಿಂಥೆಟಿಕ್ ಡ್ರೆಸಾಜ್ (ಕುದುರೆಯನ್ನು ಸೂಕ್ಷ್ಮ ಸೂಚನೆಗಳಿಂದ ನಿಖರವಾಗಿ ನಡೆಸುವ ಸವಾರಿ) ಜೀನಿನ ವಿಮರ್ಶೆ ಇದು. ಸೀಟು 17 ಮತ್ತು 17.5 ಇಂಚು. ಬಳಕೆ ಪೂರ್ತಿ ಕ್ಲಬ್ಬಿನದು: ಒಂದೇ ಜೀನಿನ ಮೇಲೆ ಒಂದೇ ದಿನ ಹಲವು ಸವಾರರು ಕೂರುತ್ತಾರೆ. ಅವರಲ್ಲಿ ಈಗಷ್ಟೇ ಟ್ರಾಟ್ (ಕುದುರೆಯ ಹದವಾದ ಓಟ) ಕಲಿಯುವವರೂ ಇರುತ್ತಾರೆ, 20×60 ಮೀಟರ್ ಅಂಗಳದಲ್ಲಿ ಲ್ಯಾಟರಲ್ ಕೆಲಸ (ಕುದುರೆಯನ್ನು ಪಕ್ಕಕ್ಕೆ ನಡೆಸುವುದು) ಮಾಡುವವರೂ ಇರುತ್ತಾರೆ. ಕ್ಲಬ್ಬಿಗೆ ಈ ಜೀನು ಒಳ್ಳೆಯ ಆಯ್ಕೆ, ಕೊಳ್ಳಬಹುದು. ಆದರೆ ಪ್ಲೇಟ್ ಬದಲಿಸಬಹುದು ಎಂಬ ಒಂದೇ ಕಾರಣಕ್ಕೆ ಲಾಯದ ಎಲ್ಲ ಕುದುರೆಗೂ ಇದೊಂದೇ ಸಾಕು ಅಂದುಕೊಂಡು ಕೊಂಡರೆ, ಅದರ ಬೆಲೆ ತೆರುವುದು ಕುದುರೆಯ ಬೆನ್ನು.

ಗಲೆಟ್ ಪ್ಲೇಟ್ ಎಂದರೆ ಜೀನಿನ ಎತ್ತರದ ಮುಂಭಾಗವಾದ ಪಾಮೆಲ್‌ನ ಒಳಗೆ ಕೂರುವ, ಕಮಾನಿನ ಆಕಾರದ ಉಕ್ಕಿನ ತುಂಡು. ಬದಲಿಸುವ ಕೆಲಸ ಕಷ್ಟದ್ದಲ್ಲ. ಜೀನನ್ನು ದಪ್ಪ ಟವೆಲ್ ಮೇಲೆ ಮಗುಚಿ ಹಾಕಿ, ಮುಂಭಾಗದಲ್ಲಿ ಪ್ಯಾನೆಲ್, ಅಂದರೆ ಬೆನ್ನಿಗೆ ತಾಗುವ ಮೆತ್ತೆ, ಬಿಚ್ಚಿ (ಮಾದರಿಗೆ ತಕ್ಕಂತೆ ವೆಲ್ಕ್ರೋ, ಜಿಪ್ ಅಥವಾ ಸ್ಕ್ರೂ ಇರುತ್ತದೆ), ಎರಡೂ ಬದಿಯ ಸ್ಕ್ರೂ ತೆಗೆದು ಹಳೆಯ ಪ್ಲೇಟ್ ಹೊರಗೆ ಎಳೆಯಬೇಕು. ಹೊಸದನ್ನು ಇಟ್ಟ ಮೇಲೆ ಎಲ್ಲ ಸ್ಕ್ರೂಗಳನ್ನೂ ಮೊದಲು ಬೆರಳಿನಿಂದಲೇ ತಿರುಗಿಸಿ, ಆಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಬಿಗಿಮಾಡಬೇಕು. ಒಂದು ಬದಿಯನ್ನೇ ಪೂರ್ತಿ ಬಿಗಿಮಾಡಿ ಇನ್ನೊಂದಕ್ಕೆ ಹೋದರೆ ಪ್ಲೇಟ್ ಓರೆಯಾಗಿ ಕೂರುತ್ತದೆ, ಜೀನು ಒಂದು ಹೆಗಲಿನ ಕಡೆ ವಾಲುತ್ತದೆ. ಪ್ಯಾನೆಲ್ ಮರಳಿ ಸೇರಿಸುವಾಗ ಅಂಚು ಪೂರ್ತಿ ಒಳಗೆ ಹೋಗದಿದ್ದರೆ ಹೆಗಲ ಮೂಳೆಯ ಹಿಂದೆಯೇ ಗಂಟಿನಂತೆ ಒತ್ತುತ್ತದೆ. ಒಂದು ಕಂಪನಿಯ ಪ್ಲೇಟ್ ಇನ್ನೊಂದರ ಜೀನಿಗೆ ಹೊಂದುತ್ತದೆ ಎಂದು ನಂಬಬೇಡಿ.

ಪಾಠದಿಂದ ಪಾಠಕ್ಕೆ ಪ್ಲೇಟ್ ಬದಲಿಸುತ್ತ ಹೋದರೆ ಸ್ಕ್ರೂವಿನ ಥ್ರೆಡ್ ಸವೆಯುತ್ತದೆ, ಅವಸರದಲ್ಲಿ ಯಾವುದೋ ಒಂದು ಸ್ಕ್ರೂ ಸಡಿಲವೇ ಉಳಿದುಬಿಡುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಪ್ಲೇಟ್ ಬದಲಿಸಿದರೆ ಬದಲಾಗುವುದು ಮುಂಭಾಗದ ಅಗಲವಷ್ಟೇ. ಟ್ರೀಯ (ಜೀನಿನ ಒಳಗಿನ ಗಟ್ಟಿ ಚೌಕಟ್ಟು) ಉದ್ದ, ಅದರ ಬಾಗು, ಎರಡು ಪ್ಯಾನೆಲ್‌ಗಳ ನಡುವಿನ ಕಾಲುವೆ ಇದ್ದಂತೆಯೇ ಇರುತ್ತವೆ. ಬೆನ್ನು ಸಪಾಟಾಗಿರುವ ಕುದುರೆಗೆ ಹೊಂದುವ ಟ್ರೀ, ಬೆನ್ನು ತಗ್ಗಿದ ಕುದುರೆಯ ಮೇಲೆ ಮುಂದೆ ಹಿಂದೆ ಮಾತ್ರ ಒತ್ತಿ ನಡುವೆ ಸೇತುವೆ ಕಟ್ಟುತ್ತದೆ. ತಗ್ಗು ಬೆನ್ನಿಗೆ ಮಾಡಿದ ಬಾಗಿದ ಟ್ರೀಯನ್ನು ಸಪಾಟು ಬೆನ್ನಿಗೆ ಹಾಕಿದರೆ ತೂಗಾಡುತ್ತದೆ. ಯಾವ ಪ್ಲೇಟೂ ಇದನ್ನು ಸರಿಮಾಡುವುದಿಲ್ಲ. ಈ ಜೀನಿನ ನಿಜವಾದ ಲಾಭ ಬೇರೆ ಕಡೆ ಇದೆ: ಎಳೆಯ ಕುದುರೆ ತರಬೇತಿಯಲ್ಲಿ ಮಾಂಸಖಂಡ ತುಂಬಿಕೊಂಡಂತೆ, ಅಥವಾ ದೀರ್ಘ ರಜೆಯ ನಂತರ ಇಳಿದುಹೋದಾಗ, ಅದೇ ಕುದುರೆಯ ಜೀನನ್ನು ಅದರ ಮೈಗೆ ತಕ್ಕಂತೆ ಹೊಂದಿಸಿಕೊಳ್ಳಬಹುದು. ಒಂದು ಜೀನನ್ನು ಒಂದೇ ಕುದುರೆಗೆ, ಹೆಚ್ಚೆಂದರೆ ಮೈಕಟ್ಟು ಹೋಲುವ ಎರಡಕ್ಕೆ ಮೀಸಲಿಡಿ.

ಹೊಂದಿಕೆ ನೋಡುವುದು ಮೊದಲು ಬರಿ ಬೆನ್ನಿನ ಮೇಲೆ, ಪ್ಯಾಡ್ ಇಲ್ಲದೆ. ಜೀನನ್ನು ಸ್ವಲ್ಪ ಮುಂದಿಟ್ಟು, ಕೂದಲಿನ ದಿಕ್ಕಿಗೆ ಹಿಂದಕ್ಕೆ ಜಾರಿಸಿ, ತಾನಾಗಿ ನಿಂತಲ್ಲಿ ಬಿಡಿ. ಹೆಗಲ ಮೂಳೆ ಹಿಂದಕ್ಕೆ ಸರಿಯಲು ಎರಡು ಮೂರು ಬೆರಳಿನಷ್ಟು ಜಾಗ ಬೇಕು. ವಿದರ್ಸ್ ಎಂದರೆ ಹೆಗಲುಗಳ ನಡುವೆ ಬೆನ್ನು ಉಬ್ಬಿದ ಭಾಗ. ವಿದರ್ಸ್‌ನ ಮೇಲೆ, ಸವಾರ ಕೂತ ನಂತರವೂ, ಎರಡು ಬೆರಳು ಸಲೀಸಾಗಿ ಹೋಗಬೇಕು. ವಿದರ್ಸ್‌ನ ಪಕ್ಕಗಳಲ್ಲೂ ಬಿಡುವು ಇರಬೇಕು. ನಡುವಿನ ಕಾಲುವೆ ಮುಂದಿನಿಂದ ಹಿಂದಿನವರೆಗೂ ಮೂರು ನಾಲ್ಕು ಬೆರಳು ಅಗಲ. ಪ್ಯಾನೆಲ್ 18ನೆಯ ಪಕ್ಕೆಲುಬು ದಾಟಬಾರದು: ಕೊನೆಯ ಪಕ್ಕೆಲುಬನ್ನು ಕೈಯಿಂದ ಹುಡುಕಿ ಅದರ ಬಾಗಿನ ಗುಂಟ ಬೆನ್ನಿನವರೆಗೆ ಬೆರಳಾಡಿಸಿದರೆ ಗಡಿ ಗೊತ್ತಾಗುತ್ತದೆ. ಗಿಡ್ಡ ಬೆನ್ನಿನ ಕುದುರೆಗೆ 17.5 ಇಂಚಿನ ಸೀಟು ಹೆಚ್ಚಾಗಿ ಇಲ್ಲೇ ಸೋಲುತ್ತದೆ.

ಪ್ಲೇಟ್ ಕಿರಿದಾದರೆ ಪಾಮೆಲ್ ಮೇಲೇಳುತ್ತದೆ, ಸವಾರ ಹಿಂದಕ್ಕೆ ಜಾರಿ ಕಾಲು ಮುಂದೆ ಹೋಗುತ್ತದೆ. ಅಗಲವಾದರೆ ಪಾಮೆಲ್ ಕುಸಿದು ಸವಾರ ಮುಂದಕ್ಕೆ ಬಾಗುತ್ತಾನೆ, ವಿದರ್ಸ್‌ಗೆ ಏಟು. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿರಲಿ ಎಂದು ಪಾಠದುದ್ದಕ್ಕೂ ಕೂಗಿಸಿಕೊಳ್ಳುವ ಎಷ್ಟೋ ಸವಾರರ ತಪ್ಪು ಸವಾರರದ್ದಲ್ಲ, ಜೀನಿನ ಸಮತೋಲದ್ದು. ಕಿರಿದಾದ ಜೀನಿನ ಕೆಳಗೆ ದಪ್ಪ ಪ್ಯಾಡ್ ತುರುಕುವುದು ಬಿಗಿಯಾದ ಬೂಟಿಗೆ ಎರಡನೆಯ ಸಾಕ್ಸ್ ಹಾಕಿದಂತೆ.

ಸೀಟು ಆಳವಾಗಿದೆ. ಸ್ಯೂಡ್‌ನಂಥ ಹೊದಿಕೆ ಸಿಟ್ಟಿಂಗ್ ಟ್ರಾಟ್ (ಸೀಟಿನಿಂದ ಏಳದೆ ಟ್ರಾಟ್ ಮಾಡುವುದು) ಕಲಿಯುವವರಿಗೆ ಬಹಳ ಅನುಕೂಲ. ವೆಲ್ಕ್ರೋ ಮೊಣಕಾಲು ಬ್ಲಾಕ್‌ಗಳನ್ನು ಪ್ರತಿ ಸವಾರನಿಗೂ ಸರಿಸಬಹುದು, ತೊಡೆಗೂ ಬ್ಲಾಕಿಗೂ ನಡುವೆ ಒಂದು ಬೆರಳು ಜಾಗ ಬಿಡಿ. ತೊಡೆಗೆ ತಾಗುವಂತೆ ಇಟ್ಟರೆ ಕಾಲು ಸಿಕ್ಕಿಹಾಕಿಕೊಂಡು ಸೊಂಟ ಬಿಗಿಯುತ್ತದೆ. ವೆಲ್ಕ್ರೋದಲ್ಲಿ ಕುದುರೆಯ ಕೂದಲು ತುಂಬಿ ಹಿಡಿತ ಹೋಗುತ್ತದೆ, ಹಳೆಯ ಟೂತ್‌ಬ್ರಷ್‌ನಿಂದ ಕೆರೆದು ತೆಗೆಯಿರಿ.

ಫ್ಲ್ಯಾಪ್ (ಸವಾರನ ಕಾಲಿನಡಿ ಇಳಿಬೀಳುವ ಬದಿಯ ಹಾಳೆ) ನೇರ ಮತ್ತು ಉದ್ದ, ಆದ್ದರಿಂದ ರಿಕಾಪನ್ನು (ಸವಾರ ಪಾದ ಇಡುವ ಬಳೆ) ಉದ್ದ ಬಿಟ್ಟು ಸವಾರಿ ಮಾಡಬೇಕು. ರಿಕಾಪಿನಿಂದ ಕಾಲು ತೆಗೆದು ಇಳಿಬಿಟ್ಟಾಗ ರಿಕಾಪಿನ ತಳ ಪಾದದ ಕೀಲಿನ ಮೂಳೆಯ ಹತ್ತಿರ ಬಂದರೆ ಕಲಿಕೆಗೆ ಸರಿಯಾದ ಅಳತೆ. ಜಿಗಿತಕ್ಕೆ ಈ ಜೀನು ಬೇಡ. ರಿಕಾಪು ಗಿಡ್ಡ ಮಾಡಿದ ತಕ್ಷಣ ಮೊಣಕಾಲು ಫ್ಲ್ಯಾಪ್ ದಾಟಿ ಮುಂದೆ ಬರುತ್ತದೆ.

ಬೇಗ ಸವೆಯುವುದು ಬಿಲೆಟ್ ಪಟ್ಟಿಗಳು (ಗರ್ತ್, ಅಂದರೆ ಹೊಟ್ಟೆಪಟ್ಟಿಯನ್ನು ಜೀನಿಗೆ ಬಿಗಿಯುವ ಪಟ್ಟಿಗಳು). ಡ್ರೆಸಾಜ್ ಜೀನಿನಲ್ಲಿ ಅವು ಉದ್ದವಾಗಿ ಫ್ಲ್ಯಾಪಿನ ಕೆಳಗೆ ಇಳಿಯುತ್ತವೆ, ಗಿಡ್ಡ ಗರ್ತ್ ಬೇಕು, ಬಕಲ್ ಸವಾರನ ಕಾಲಿನಡಿ ಬರುವುದಿಲ್ಲ. ಕ್ಲಬ್ಬಿನಲ್ಲಿ ಎಲ್ಲರೂ ಎಡಬದಿಯಿಂದಲೇ ಬಿಗಿಯುವುದರಿಂದ ಎಡಗಡೆಯ ರಂಧ್ರಗಳು ಮೊದಲು ಮೊಟ್ಟೆಯಾಕಾರಕ್ಕೆ ಹಿಗ್ಗುತ್ತವೆ. ರಂಧ್ರ ಸೀಳು ಬಿಟ್ಟರೆ ಅಥವಾ ಬುಡದ ಹೊಲಿಗೆ ಎದ್ದರೆ ಆ ದಿನವೇ ಬಳಕೆ ನಿಲ್ಲಿಸಿ. ಗರ್ತ್ ಒಂದೇ ಸಲಕ್ಕೆ ಬಿಗಿಯಬೇಡಿ: ಲಾಯದಲ್ಲಿ ಹದವಾಗಿ, ಏರುವ ಮುಂಚೆ ಒಮ್ಮೆ, ಐದು ನಿಮಿಷ ವಾಕ್ ಆದ ಮೇಲೆ ಮತ್ತೊಮ್ಮೆ. ಅದಕ್ಕೂ ಮೊದಲು ಪ್ಯಾಡನ್ನು ಪಾಮೆಲ್‌ನ ಕಾಲುವೆಯೊಳಕ್ಕೆ ಎತ್ತಿಬಿಡಿ, ಇಲ್ಲವಾದರೆ ವಿದರ್ಸ್‌ನ ಮೇಲೆ ಬಿಗಿದು ಕೂದಲು ಉದುರಿಸುತ್ತದೆ.

ನೆಲದಿಂದ ಏರುವ ಅಭ್ಯಾಸ ಇದ್ದರೆ ಎಡ ರಿಕಾಪಿನ ಪಟ್ಟಿ ಉದ್ದವಾಗುತ್ತದೆ, ಟ್ರೀ ತಿರುಚಿಕೊಳ್ಳುತ್ತದೆ. ಮೌಂಟಿಂಗ್ ಬ್ಲಾಕ್ ಬಳಸಿ, ಪಟ್ಟಿಗಳನ್ನು ತಿಂಗಳಿಗೊಮ್ಮೆ ಅದಲುಬದಲು ಮಾಡಿ. ರಿಕಾಪು ಬೂಟಿನ ಅಗಲಕ್ಕಿಂತ ಸುಮಾರು 2.5 ಸೆಂ.ಮೀ. ಹೆಚ್ಚಿರಲಿ. ರಿಕಾಪು ತೂಗುವ ಕಂಬಿಯ ತುದಿಯಲ್ಲಿ ಮಡಚುವ ಕೊಂಡಿ ಇದ್ದರೆ ಅದು ಸವಾರಿಯಲ್ಲಿ ತೆರೆದೇ ಇರಬೇಕು. ಬಿದ್ದಾಗ ಪಟ್ಟಿ ಕಳಚಿಕೊಳ್ಳುವುದು ಅದರಿಂದ.

ಪ್ಯಾನೆಲ್ ತುಂಬಿದ್ದು ಉಣ್ಣೆಯಾದರೆ ಮೊದಲ ತಿಂಗಳುಗಳಲ್ಲೇ ಕುಗ್ಗುತ್ತದೆ, ಆ ಹೊತ್ತಿಗೆ ಜೀನುಗಾರನಿಗೆ ತೋರಿಸಿ ತುಂಬಿಸಬೇಕು. ಕುದುರೆ ಚೆನ್ನಾಗಿ ಬೆವರಿದ ದಿನ ಜೀನು ಇಳಿಸಿದ ಕೂಡಲೇ ಬೆನ್ನು ನೋಡಿ. ಒದ್ದೆಯ ನಡುವೆ ಅಂಗೈಯಷ್ಟು ಒಣ ಜಾಗ ಉಳಿದಿದ್ದರೆ ಅಲ್ಲಿ ಅತಿಯಾದ ಒತ್ತಡವಿದೆ, ಇಲ್ಲವೇ ಜೀನು ತಾಗಿಯೇ ಇಲ್ಲ. ಬಿಳಿ ಕೂದಲು ಹುಟ್ಟಿದ್ದರೆ ಆ ಹಾನಿ ಹಳೆಯದು.

ಶುಚಿಗೊಳಿಸುವುದು ಚರ್ಮದ ಜೀನಿಗಿಂತ ಎಷ್ಟೋ ಸುಲಭ: ಒದ್ದೆ ಬಟ್ಟೆ, ಮೆತ್ತನೆಯ ಬ್ರಷ್, ಹದವಾದ ಸೋಪು, ನೆರಳಿನಲ್ಲಿ ಒಣಗಿಸುವುದು. ಬಿಸಿಲಿಗಿಟ್ಟರೆ ಫ್ಲ್ಯಾಪಿನ ಅಂಚು ಸುರುಳಿಕೊಳ್ಳುತ್ತದೆ. ಆದರೆ ಜೀನು ತೊಳೆದರಷ್ಟೇ ಸಾಲದು. ಗಜಕರ್ಣ ಕುದುರೆಯಿಂದ ಕುದುರೆಗೆ ಗರ್ತ್, ಪ್ಯಾಡ್, ಬ್ರಷ್ ಮೂಲಕ ಹರಡುತ್ತದೆ, ಸವಾರರಿಗೂ ತಗಲುತ್ತದೆ. ಪ್ರತಿ ಕುದುರೆಗೂ ಹೆಸರು ಬರೆದ ಪ್ಯಾಡ್ ಮತ್ತು ಗರ್ತ್ ಬೇರೆ ಇರಲೇಬೇಕು.

ಚರ್ಮದ ಒಳ್ಳೆಯ ಜೀನಿಗೆ ಹೋಲಿಸಿದರೆ ಸವಾರನ ಕಾಲು ಕುದುರೆಯ ಮೈಗೆ ಅಷ್ಟು ಹತ್ತಿರ ಬರುವುದಿಲ್ಲ, ಸೂಕ್ಷ್ಮ ಸೂಚನೆಗಳಲ್ಲಿ ಆ ವ್ಯತ್ಯಾಸ ಗೊತ್ತಾಗುತ್ತದೆ. ಓರೆಯಾಗಿ ಪಕ್ಕಕ್ಕೆ ಸಾಗುವ ಹಾಫ್ ಪಾಸ್‌ವರೆಗೆ ತಲುಪಿದ ಸವಾರರು ಚರ್ಮದ್ದನ್ನೇ ಕೇಳುತ್ತಾರೆ, ಅದು ನ್ಯಾಯವೇ. ಅದಕ್ಕೂ ಕೆಳಗಿನ ಹಂತಗಳಿಗೆ, ಮಳೆಗೆ, ಧೂಳಿಗೆ, ಅನೇಕ ಕೈಗಳಿಗೆ ಇದೇ ಮೇಲು.

ಹಳೆಯದನ್ನು ಕೊಳ್ಳುವವರು ಕ್ಯಾಂಟಲನ್ನು (ಜೀನಿನ ಎತ್ತರದ ಹಿಂಭಾಗ) ಹೊಟ್ಟೆಗೆ ಒತ್ತಿಕೊಂಡು ಪಾಮೆಲನ್ನು ತಮ್ಮ ಕಡೆ ಎಳೆದು ನೋಡಿ. ಸಿಂಥೆಟಿಕ್ ಟ್ರೀ ಕೊಂಚ ಬಾಗುವುದು ಸಹಜ. ಒಂದೇ ಬದಿ ಬಾಗಿದರೆ ಅಥವಾ ಕಿರುಗುಟ್ಟಿದರೆ ಬೇಡ. ಕುದುರೆ ಜೀನಿನ ಸಮೇತ ಉರುಳಿದ್ದುಂಟೇ ಎಂದು ಕೇಳಿ. ಪ್ಯಾನೆಲ್ ಬಿಚ್ಚಿಸಿ, ಗಲೆಟ್ ಸ್ಕ್ರೂಗಳನ್ನು ನೀವೇ ತಿರುಗಿಸಿ ನೋಡಿ, ಜೊತೆಗೆ ಬರುವ ಪ್ಲೇಟ್‌ಗಳು ಅದೇ ಮಾದರಿಯವೇ ಎಂದು ಹಣ ಕೊಡುವ ಮೊದಲೇ ಕೂರಿಸಿ ಖಚಿತಪಡಿಸಿಕೊಳ್ಳಿ.