ಸಾನ್ಶೋ: ಡಬ್ಬಿಯ ಪುಡಿಯೋ, ಒಣಸಿಪ್ಪೆಯೋ, ನಮ್ಮ ಜುಮ್ಮನಕಾಯಿಯೋ?

ಸಾನ್ಶೋವನ್ನು ಜಪಾನಿನ ಮೆಣಸು ಎಂದು ಮಾರುತ್ತಾರೆ. ಆದರೆ ಅದು ಕಾಳುಮೆಣಸಿನ ನೆಂಟನಲ್ಲ, ನಿಂಬೆ ಮತ್ತು ಕರಿಬೇವಿನ ಕುಟುಂಬದ ಗಿಡ. ಬಾಯಿಗಿಟ್ಟರೆ ಮೊದಲು ನಿಂಬೆಸಿಪ್ಪೆಯ ಘಮ, ನಂತರ ನಾಲಗೆಯ ತುದಿ ಜುಮ್ಮೆನ್ನುತ್ತದೆ. ಈ ಘಮ ಬೆಂಕಿಗೆ ತಾಳುವುದಿಲ್ಲ.

ಯಾವುದು ಮೇಲು ಎಂಬ ಪರೀಕ್ಷೆಗೆ ಪ್ರತಿ ಬಾರಿಯೂ ಒಂದೇ ಅಡುಗೆ: 200 ಗ್ರಾಂ ಮೂಳೆ ತೆಗೆದ ಕೋಳಿ ತೊಡೆಮಾಂಸ, ಸೋಯಾ ಸಾಸ್ ಮತ್ತು ಮಿರಿನ್ (ಜಪಾನಿನ ಅಡುಗೆಯ ಸಿಹಿ ಅಕ್ಕಿಮದ್ಯ) ತಲಾ 2 ದೊಡ್ಡ ಚಮಚ, ಸಕ್ಕರೆ 1 ಸಣ್ಣ ಚಮಚ. ಸಾಸ್ ಇಂಗಿ ಮಾಂಸಕ್ಕೆ ಹೊಳಪು ಬಂದ ಮೇಲೆ ಒಲೆ ಆರಿಸಿ ಮಸಾಲೆ ಉದುರಿಸುವುದು.

ಡಬ್ಬಿಯ ಪುಡಿ ಸುಲಭ. ಜಪಾನಿನಲ್ಲಿ ಸುಟ್ಟ ಹಾವುಮೀನಿನ ಮೇಲೆ ಉದುರಿಸುವುದು ಇದನ್ನೇ. ಕಾಲು ಸಣ್ಣ ಚಮಚ ಸಾಕು. ಹಸಿರು ಬಣ್ಣವೇ ಇದರ ಆಯುಸ್ಸಿನ ಲೆಕ್ಕ: ಒಣಹುಲ್ಲಿನ ಕಂದು ಬಣ್ಣಕ್ಕೆ ತಿರುಗಿದ್ದರೆ ಉಳಿದಿರುವುದು ಕಹಿ ಮಾತ್ರ. ಡಬ್ಬಿ ಒಡೆದ ಮೇಲೆ ಫ್ರೀಜರಿನಲ್ಲಿಡಿ. ಕುದಿಯುವ ಸಾಸಿಗೆ ಹಾಕಿದರೆ ಹೊಸ ಪುಡಿಯೂ ಅಷ್ಟೇ, ಘಮ ಹಬೆಯ ಜೊತೆ ಹೋಗುತ್ತದೆ.

ಸಾನ್ಶೋ ಕಾಯಿಯ ಒಣಸಿಪ್ಪೆ ಕೊಂಡು ಕುಟ್ಟುವುದು ತುಸು ರಗಳೆ, ಆದರೂ ನಮ್ಮ ಮತ ಇದಕ್ಕೇ. ಜಪಾನಿನ ವಾಕಾಯಾಮದಲ್ಲಿ ಬೆಳೆಯುವ, ದ್ರಾಕ್ಷಿ ಗೊಂಚಲಿನಂತೆ ಬಿಡುವ ಬುಡೋ ಸಾನ್ಶೋ ಸಿಕ್ಕರೆ ಬಿಡಬೇಡಿ. ತೊಟ್ಟು, ಒಳಗಿನ ಕಪ್ಪು ಬೀಜ ಎರಡನ್ನೂ ಆರಿಸಿ ತೆಗೆಯಿರಿ. ಬೀಜಕ್ಕೆ ರುಚಿಯಿಲ್ಲ, ಒಂದೆರಡು ಉಳಿದರೂ ಹಲ್ಲಿಗೆ ಮರಳು ಸಿಕ್ಕಂತಾಗುತ್ತದೆ. ಸಿಪ್ಪೆ ಮೆತ್ತಗಾಗಿದ್ದರೆ ಸಣ್ಣ ಉರಿಯ ಬಾಣಲೆಯಲ್ಲಿ 20 ಸೆಕೆಂಡು ಬೆಚ್ಚಗೆ ಮಾಡಿ, ಹುರಿಯಬೇಡಿ. ಕುಟ್ಟಾಣಿಯಲ್ಲಿ ಕುಟ್ಟಿ ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿದರೆ ಸಿಪ್ಪೆಯ ಒಳಪದರದ ಬಿಳಿ ಚೂರು ಮೇಲೆ ಉಳಿಯುತ್ತದೆ. ಎರಡು ಚಿಟಿಕೆಯ ಮುಂದೆ ಡಬ್ಬಿಯ ಕಾಲು ಚಮಚ ಸಪ್ಪೆ.

ಹಸಿ ಸಾನ್ಶೋ ಕಾಯಿಯ ದಾರಿಯೇ ಬೇರೆ, ಕೋಳಿಗೆ ಹೊಂದಲಿಲ್ಲ. ಉಪ್ಪುನೀರಿನಲ್ಲಿ ಬೆರಳಿಗೆ ಹಿಸುಕಲು ಬರುವಷ್ಟು ಬೇಯಿಸಿ, ತಣ್ಣೀರು ಬದಲಿಸುತ್ತ ಒಂದು ಗಂಟೆ ನೆನೆಹಾಕಿ. ನಡುವೆ ಒಂದು ಕಾಯಿ ಕಚ್ಚಿ ನೋಡಿ. ಹೆಚ್ಚು ನೆನೆದರೆ ಜುಮ್ಮೇ ಹೋಗಿಬಿಡುತ್ತದೆ. ಕ್ಯೋಟೋದಲ್ಲಿ ಇದನ್ನು ಸಣ್ಣ ಒಣಮೀನಿನ ಜೊತೆ ಸೋಯಾದಲ್ಲಿ ಬತ್ತಿಸಿ ಅನ್ನಕ್ಕೆ ಹಾಕಿಕೊಳ್ಳುತ್ತಾರೆ.

ಸಾನ್ಶೋದ ಚೀನೀ ನೆಂಟ ಸಿಚುವಾನ್ ಮೆಣಸು ಹುರಿದರೆ ಅರಳುತ್ತದೆ, ಎಣ್ಣೆಗೆ ಒಗ್ಗುತ್ತದೆ. ಈ ಸಿಹಿ ಸೋಯಾದ ಮೇಲೆ ಮಾತ್ರ ದಬ್ಬಾಳಿಕೆ ಮಾಡಿತು.

ಇನ್ನು ಜುಮ್ಮನಕಾಯಿ, ಕೊಂಕಣಿಯವರ ತೆಪ್ಪಲ್. ಇದೂ ಸಾನ್ಶೋದ ಕುಲದ್ದೇ, ಬೀಜ ಎಸೆದು ಸಿಪ್ಪೆ ಬಳಸುವುದೂ ಹಾಗೆಯೇ. ಸ್ವಭಾವ ಮಾತ್ರ ತದ್ವಿರುದ್ಧ: ಜಜ್ಜಿ ಕುದಿಯುವ ಬಂಗುಡೆ ಸಾರಿಗೆ ಹಾಕಿದರೇ ಇದು ತನ್ನ ರುಚಿ ಬಿಟ್ಟುಕೊಡುವುದು. ಅರ್ಧ ಕಿಲೋ ಮೀನಿಗೆ 8ರಿಂದ 10 ಕಾಯಿ. ಕೋಳಿಯ ಮೇಲೆ ಹಸಿಪುಡಿ ಉದುರಿಸಿದಾಗ ಜುಮ್ಮು ಜೋರಾಗಿತ್ತು, ನಿಂಬೆಯ ಘಮ ಕಡಿಮೆ. ಪುಡಿಯನ್ನು ಒಂದು ಚಿಟಿಕೆಗೆ ಇಳಿಸಿ, ತುರಿದ ನಿಂಬೆಸಿಪ್ಪೆ ಅರ್ಧ ಚಮಚ ಸೇರಿಸಿದ ಮೇಲೆ ತಟ್ಟೆ ಖಾಲಿಯಾಯಿತು. ತುರಿಯುವಾಗ ಬಿಳಿ ಭಾಗಕ್ಕೆ ಇಳಿಯದಿರಿ, ಕಹಿ ಅಲ್ಲಿಂದಲೇ ಶುರು.