ಎರಿ ಹೊಲದಲ್ಲಿ ಹಸಿ ಅಳೆಯುವ ಸೆನ್ಸರ್: ಮೂರು ವರ್ಷದ ಅನುಭವ

ಅಣ್ಣಿಗೇರಿ ಹತ್ತಿರದ ನಮ್ಮ ಎರಿ (ಕಪ್ಪು ಜೇಡಿಮಣ್ಣಿನ) ಹೊಲದಲ್ಲಿ ಎರಡು ನಮೂನೆಯ ಸೆನ್ಸರ್ ಹೂತು ಮೂರು ವರ್ಷವಾಯಿತು. ಒಂದು ಅಗ್ಗದ ಎರಡು ಕಡ್ಡಿಯ ರೆಸಿಸ್ಟಿವ್, ಅಂದರೆ ಮಣ್ಣಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅಂತ ನೋಡುವಂಥದ್ದು; ಇನ್ನೊಂದು ಕೆಪ್ಯಾಸಿಟಿವ್, ಮಣ್ಣು ಎಷ್ಟು ಚಾರ್ಜ್ ಹಿಡಿದಿಡುತ್ತದೆ ಅಂತ ನೋಡುವಂಥದ್ದು. ಮೇಲಿಂದಲೇ ಮಣ್ಣಿನ ಹಸಿ ಅಳೆಯುವ ನಾಸಾದ ಸ್ಮ್ಯಾಪ್ ಉಪಗ್ರಹ ಕೊಡುವ ಅಂಕಿ ನಮ್ಮ ನೆಲಕ್ಕೆ ಎಷ್ಟು ಹೊಂದುತ್ತದೆ ಅಂತ ನೋಡುವ ಹುಚ್ಚು ನನಗೆ. "ಹಸಿ ಐತೋ ಇಲ್ಲೋ ತಿಳ್ಕೊಳ್ಳಾಕ ರೊಕ್ಕಾ ಹಾಕೀಯೇನೋ ತಮ್ಮಾ?" ಅಂದಿದ್ದರು ಅಪ್ಪ. ಅವರದು ಹಿಡಿಮಣ್ಣು ಹಿಚುಕಿ ಹದ ಹೇಳುವ ಲೆಕ್ಕ.

ಕಡ್ಡಿಯದ್ದು ಒಂದೇ ಮಳೆಗಾಲಕ್ಕೆ ತುಕ್ಕು ತಿಂದಿತು. ಅದರ ಮಾತು ಬೇಡ.

ಕೆಪ್ಯಾಸಿಟಿವ್ ಬಾಳಿಕೆ ಬಂತು, ಆದರೆ ಸೆನ್ಸರಿನ ಓದನ್ನು ಹಸಿಯ ಶೇಕಡಾಕ್ಕೆ ತಿರುಗಿಸಲು ಕಂಪನಿ ಕೊಟ್ಟ ಲೆಕ್ಕ ಎರಿಗೆ ನಡೆಯುವುದಿಲ್ಲ. ಜೇಡಿ ಜಾಸ್ತಿ ಇದ್ದಲ್ಲಿ ಅದು ಹಸಿಯನ್ನು ಹೆಚ್ಚು ತೋರಿಸುತ್ತದೆ. ಮಳೆ ನಿಂತ ಮರುದಿನ 52% ಅಂದಿತು. ಅಲ್ಲೇ 100 ಸಿಸಿ ಬಳೆಯಲ್ಲಿ ಮಣ್ಣು ತೆಗೆದು, ಧಾರವಾಡದ ಗೆಳೆಯನ ಲ್ಯಾಬಿನಲ್ಲಿ 105 ಡಿಗ್ರಿಗೆ 24 ತಾಸು ಒಣಗಿಸಿ ತೂಗಿದರೆ ಹೋದ ನೀರು 41 ಗ್ರಾಂ. ಒಂದು ಗ್ರಾಂ ನೀರು ಒಂದು ಸಿಸಿ, ಅಂದರೆ 100 ಸಿಸಿ ಮಣ್ಣಿನಲ್ಲಿ 41%. ಹೀಗೆ ಹಸಿಯಿಂದ ಒಣಗುವ ತನಕ ಎಂಟು ಸಲ ತೂಗಿ ನಮ್ಮದೇ ಲೆಕ್ಕ ಕಟ್ಟಿದೆ.

ನಿಜವಾದ ಪೇಚಾಟ ಫೆಬ್ರವರಿಯಲ್ಲಿ. ಸೆನ್ಸರ್ ದಿಢೀರನೆ 4%ಕ್ಕೆ ಇಳಿಯಿತು, ಉಪಗ್ರಹ ಮಾತ್ರ ಕದಲಲಿಲ್ಲ. ಉಪಗ್ರಹವೇ ತಪ್ಪಿದೆ ಅಂತ ವಾರಗಟ್ಟಲೆ ನಂಬಿದ್ದೆ. ಅಗೆದು ನೋಡಿದರೆ ಸೆನ್ಸರಿನ ಮಗ್ಗುಲಲ್ಲೇ ಬೆರಳು ಹೋಗುವಷ್ಟು ಬಿರುಕು! ಅದು ಅಳೆಯುತ್ತಿದ್ದದ್ದು ಗಾಳಿಯನ್ನು. ಈಗ ಕುಣಿಯ ಗೋಡೆಯಲ್ಲಿ 5 ಸೆಂ.ಮೀ. ಆಳಕ್ಕೆ ಅಡ್ಡಲಾಗಿ ಚುಚ್ಚಿ, ಅದೇ ಮಣ್ಣನ್ನು ಒತ್ತಿ ಮುಚ್ಚುತ್ತೇನೆ. ದೂರ ದೂರ ಮೂರು ಇಟ್ಟಿದ್ದೇನೆ. ಒಂದು ಹುಚ್ಚಾಡಿದರೆ ಉಳಿದೆರಡು ಹೇಳುತ್ತವೆ.

5 ಸೆಂ.ಮೀ. ಯಾಕೆಂದರೆ ಸ್ಮ್ಯಾಪ್ ನೋಡುವುದೂ ಮೇಲಿನ ಅಷ್ಟೇ ಪದರ. 2015ರ ಜನವರಿಯಲ್ಲಿ ಹಾರಿತು, ಜುಲೈಗೇ ಅದರ ರೇಡಾರ್ ಕೆಟ್ಟಿತು. ಉಳಿದ ರೇಡಿಯೋಮೀಟರಿನ (ನೆಲ ತಾನಾಗಿ ಹೊಮ್ಮಿಸುವ ಮೈಕ್ರೋವೇವ್ ಅಳೆಯುವ ಸಾಧನ) ಒಂದು ನೋಟ ಸುಮಾರು 40 ಕಿ.ಮೀ. ಅಗಲ. ಅದರಲ್ಲಿ ನಮ್ಮ ನಾಲ್ಕು ಎಕರೆ ಎಳ್ಳುಕಾಳು, ಗದಗ ಕಡೆಯ ಮಸಾರಿಯೂ (ಕೆಂಪು ಮಣ್ಣು) ಸೇರಿರುತ್ತದೆ. ಅಂಕಿಗೆ ಅಂಕಿ ಕೂಡಿಸಲು ಹೋಗಬೇಡಿ, ಏರಿಳಿತ ಕೂಡುತ್ತದೋ ನೋಡಿ. ಬೆಳಗಿನ 6ರ ಓದು ಒಳ್ಳೆಯದು: ಉಪಗ್ರಹ ಹಾಯುವುದೂ ಆ ಹೊತ್ತಿಗೇ, ಮಣ್ಣು-ಬೆಳೆಯ ಬಿಸಿಯೂ ಆಗ ಹೆಚ್ಚುಕಡಿಮೆ ಒಂದೇ ಇರುವುದರಿಂದ ಅದರ ಲೆಕ್ಕ ಸುಲಭವಾಗುತ್ತದೆ.

ಕಡಲೆ ಬೆಳೆಯುವವರಿಗೆ ಈ ಆಳ ಉಪಯೋಗವಿಲ್ಲ. ಮೇಲೆ ಒಣಗಿದರೂ ಬೇರು ಕೆಳಗಿನ ಹಸಿ ಹೀರಿ ಬೆಳೆ ಕಾಳು ಕಟ್ಟುತ್ತದೆ, 30 ಸೆಂ.ಮೀ.ಗೆ ಇನ್ನೊಂದು ಬೇಕು. ವೈರನ್ನು ಪೈಪಿನಲ್ಲಿ ಹಾಯಿಸಿ, ನಮ್ಮದನ್ನು ಇಲಿ ಎರಡು ಸಲ ಕಡಿದಿದೆ. ತಗೊಳ್ಳುವಾಗ ಒಂದು ಒಳ್ಳೆಯ ತಕ್ಕಡಿಯ ರೊಕ್ಕವನ್ನೂ ಸೇರಿಸಿಕೊಳ್ಳಿ.