ಬೀರುವಿನ ಬಲ್ಬೋ, 18 ಸಾವಿರದ ಯಂತ್ರವೋ?

ಪುನರ್ವಸು ಮಳೆ ಮುಗಿಯುವ ಹೊತ್ತಿಗೆ ನನ್ನ ಮದುವೆ ಸೀರೆಯ ಮಡಿಕೆಯಲ್ಲೆಲ್ಲ ಬಿಳಿ ಬೂಷ್ಟು. ಎರಡು ವರ್ಷದ ಹಿಂದಿನ ಮಾತಿದು. ಮೂಡಿಗೆರೆ ಕಡೆಯ ನಮ್ಮ ಮನೆಯಲ್ಲಿ ಚಪ್ಪಲಿ, ಬೆಲ್ಟು, ದಿಂಬಿಗೆ ಬೂಷ್ಟು ಬರುವುದು ಹೊಸದೇನಲ್ಲ. ಒರೆಸುತ್ತೇವೆ, ಮಳೆಗೆ ಬೈಯುತ್ತೇವೆ, ಮರೆಯುತ್ತೇವೆ. ಆದರೆ ರೇಷ್ಮೆ ಸೀರೆ ಅಂದಮೇಲೆ ಸುಮ್ಮನಿರೋಕಾಗುತ್ತಾ? ಆಮೇಲೆ ಎರಡು ಮಳೆಗಾಲ, ನಡುವೆ ಒಂದು ಚಳಿಗಾಲ, ಅದೇ ಮಲಗುವ ಕೋಣೆಯಲ್ಲಿ ಒಂದೊಂದೇ ಉಪಾಯ ಮಾಡಿ ನೋಡಿದೆ.

ಮೊದಲು ತಂದದ್ದು ಗಾಳಿಯ ತೇವ ತೋರಿಸುವ ಪುಟ್ಟ ಮೀಟರ್. ಕಾಫಿ ಬೀಜದ ತೇವ ನೋಡೋಕೆ ಮನೆಯಲ್ಲಿ ಮೀಟರ್ ಇದೆ, ನಾವು ಮಲಗುವ ಕೋಣೆಯದ್ದನ್ನು ಯಾರೂ ಅಳೆದಿರಲಿಲ್ಲ! ಮೊದಲ ದಿನ ಅದು ತೋರಿಸಿದ್ದು 88 ಪರ್ಸೆಂಟ್. 70-75 ದಾಟಿ ಅಲ್ಲೇ ನಿಂತರೆ ಬೂಷ್ಟಿಗೆ ದಾರಿಯಾಯಿತು ಅಂತಲೇ ಲೆಕ್ಕ.

ಎರಡನೆಯದು, ಗೋಡೆಯ ಪರೀಕ್ಷೆ. ಇದಕ್ಕೆ ಖರ್ಚಿಲ್ಲ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಟ್ಟೆ. ಹಾಳೆಯ ಮೇಲೆ ಹನಿ ಕೂತರೆ ಅದು ಕೋಣೆಯ ಗಾಳಿಯ ನೀರು. ಹಾಳೆಯ ಹಿಂದೆ ಕೂತರೆ ಗೋಡೆಯೊಳಗಿಂದ ಬರುವ ನೀರು. ಪಡುವಣ ಗೋಡೆಯಲ್ಲಿ ಹಿಂದೆ ಹನಿ ಕಟ್ಟಿತ್ತು. ಕಟ್ಟಿದವರು ಆ ಕಡೆ ಸಜ್ಜಾನೇ ಬಿಟ್ಟಿರಲಿಲ್ಲ, ಎರಚಲು ನೇರ ಗೋಡೆಗೆ ಬಡಿಯುತ್ತಿತ್ತು. ಹಿಂದಿನವರು ಮಳೆಗಾಲಕ್ಕೆ ಆ ಕಡೆ ಸೋಗೆ ತಟ್ಟಿ ಕಟ್ಟುತ್ತಿದ್ದರು. ನಾವು ತಗಡು ಹೊಡೆಸಿದೆವು. ಇದನ್ನು ಮಾಡದೆ ಒಳಗೆ ಏನು ಇಟ್ಟರೂ ದಂಡ.

ಈಗ ಒಳಗಿನ ಪೈಪೋಟಿ.

ಕಲ್ಲುಪ್ಪಿನ ಬಟ್ಟಲು ಎಲ್ಲರೂ ಹೇಳುವ ಉಪಾಯ. ಇಟ್ಟೆ. ಮೂರನೇ ದಿನಕ್ಕೆ ಬಟ್ಟಲ ತುಂಬ ನೀರು. ಖುಷಿಪಟ್ಟೆ. ಮೀಟರ್ ನೋಡಿದರೆ ಅದೇ 88. ಉಪ್ಪು ಗಾಳಿಯ ನೀರು ಎಳೆಯುವುದು ತೇವ 75ರ ಮೇಲಿದ್ದಾಗ ಮಾತ್ರ, ಅದರ ಕೆಳಗೆ ಹೋದರೆ ಎಳೆದದ್ದನ್ನೇ ವಾಪಸ್ ಬಿಡುತ್ತದೆ. ಇಡೀ ಕೋಣೆಗೆ ಒಂದು ಬಟ್ಟಲು ಯಾವ ಲೆಕ್ಕ? ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯ ತಳದಲ್ಲಿ ನೀರು ನಿಲ್ಲುತ್ತದಲ್ವಾ, ಇದೂ ಅಷ್ಟೇ. ಅಡುಗೆಮನೆ ಒಣಗಿದ್ದನ್ನು ಯಾರಾದರೂ ಕಂಡಿದ್ದಾರಾ?

ಅಂಗಡಿಯಲ್ಲಿ ಸಿಗುವ ತೇವ ಹೀರುವ ಡಬ್ಬಿ ಬೇರೆ. ಅದರೊಳಗಿರುವುದು ಕ್ಯಾಲ್ಸಿಯಂ ಕ್ಲೋರೈಡ್, ಕಲ್ಲುಪ್ಪಿಗಿಂತ ಎಷ್ಟೋ ಗಟ್ಟಿಗ. ಬೀರುವಿನೊಳಗೆ ಎರಡು ಇಟ್ಟಾಗ ಅಲ್ಲಿನ ತೇವ 66ಕ್ಕೆ ಇಳಿಯಿತು. ಅಷ್ಟು ಕಡಿಮೆ ಮುಂದೆ ಹೇಳುವ ಬಲ್ಬಿನಲ್ಲೂ ಬರಲಿಲ್ಲ. ಆದರೆ ಆಶ್ಲೇಷ ಮಳೆಯಲ್ಲಿ ಇಪ್ಪತ್ತು ದಿನಕ್ಕೆ ಡಬ್ಬಿ ತುಂಬುತ್ತದೆ, ಮತ್ತೆ ತರಬೇಕು. ಒಮ್ಮೆ ಮಗ ಡಬ್ಬಿ ಉರುಳಿಸಿದ. ಆ ನೀರು ಒಣಗುವುದೇ ಇಲ್ಲ, ಬಟ್ಟೆಯಲ್ಲಿ ಜಿಡ್ಡು ಜಿಡ್ಡಾಗಿ ಕೂರುತ್ತದೆ, ಬೀರುವಿನ ಕಬ್ಬಿಣಕ್ಕೆ ತುಕ್ಕು. ಸೀರೆಯ ಪಕ್ಕ ಇಡುವ ಧೈರ್ಯ ನನಗೆ ಮತ್ತೆ ಬರಲಿಲ್ಲ.

ಬಲ್ಬಿನ ಮಾತು ಅತ್ತೆಯದ್ದು. "ನಮ್ಮ ಕಾಲದಲ್ಲಿ ಬೀರುವಿಗೊಂದು ಬಲ್ಬ್ ಹಾಕಿಬಿಡ್ತಿದ್ವಿ ಕಣಮ್ಮ" ಅಂದರು. ಹಾಕಿದೆ, ಮೀಟರ್ ಕದಲಲೇ ಇಲ್ಲ. ನಾನು ಹಾಕಿದ್ದು ಎಲ್‌ಇಡಿ! ಅದರಲ್ಲಿ ಬಿಸಿ ಎಲ್ಲಿಂದ ಬರಬೇಕು? ಬೇಕಾದದ್ದು ಬೆಳಕಲ್ಲ, ಕಾವು. ಹಳೆ ಕಾಲದ 40 ವ್ಯಾಟ್ ತಂತಿ ಬಲ್ಬ್ ಹುಡುಕಿ ತಂದು ಕೆಳಗಿನ ಅರೆಯಲ್ಲಿ ಕೂರಿಸಿದೆ. ಬೀರುವಿನೊಳಗೆ ಮೂರು ಡಿಗ್ರಿ ಏರಿತು, ತೇವ 88ರಿಂದ 73ಕ್ಕೆ ಇಳಿಯಿತು. ಬಲ್ಬ್ ನೀರನ್ನು ತೆಗೆಯುವುದಿಲ್ಲ. ಗಾಳಿ ಬೆಚ್ಚಗಾದರೆ ನೀರು ಹಿಡಿದಿಟ್ಟುಕೊಳ್ಳುವ ಅದರ ಶಕ್ತಿ ಜಾಸ್ತಿ ಆಗುತ್ತದೆ, ಹಾಗಾಗಿ ಬಟ್ಟೆಯ ಮೇಲೆ ಕೂರುವುದಿಲ್ಲ. ಹಗಲೂ ರಾತ್ರಿ ಉರಿಸಿದರೂ ದಿನಕ್ಕೆ ಒಂದು ಯೂನಿಟ್. ಬಲ್ಬಿನ ಸುತ್ತ ತಂತಿ ಜಾಲರಿ ಬೇಕೇ ಬೇಕು, ಯಾವ ಬಟ್ಟೆಯೂ ತಾಗಬಾರದು. ಮರದ ಬೀರುವಾದರೆ ನಾನು ಹಾಕುವುದಿಲ್ಲ.

ಇನ್ನು ಯಂತ್ರ. ಗಾಳಿಯ ನೀರು ಹಿಂಡಿ ತೆಗೆಯುವ ಡಿಹ್ಯೂಮಿಡಿಫೈಯರ್, 18 ಸಾವಿರ ಕೊಟ್ಟೆವು. ಯಜಮಾನರು ಇವತ್ತಿಗೂ ಆ ಲೆಕ್ಕ ಎತ್ತುತ್ತಾರೆ. ದಿನಕ್ಕೆ 12 ಲೀಟರ್ ಅಂತ ಡಬ್ಬದ ಮೇಲಿತ್ತು. ಅದು 30 ಡಿಗ್ರಿ ಸೆಕೆ, 80 ಪರ್ಸೆಂಟ್ ತೇವದ ಲೆಕ್ಕ. ಜುಲೈನಲ್ಲಿ ನಮ್ಮ ಕೋಣೆ ಇರುವುದು 22 ಡಿಗ್ರಿ. ದಿನಕ್ಕೆ ಎಂಟು ಗಂಟೆ ಓಡಿಸಿದಾಗ ಮೊದಲ ನಾಲ್ಕು ದಿನ ಮೂರು ಲೀಟರ್ ಬಂತು. ಹಾಸಿಗೆ, ಮರ, ಗೋಡೆ ಎಲ್ಲ ಕುಡಿದಿಟ್ಟ ನೀರದು. ಆಮೇಲೆ ಒಂದೂವರೆ ಲೀಟರಿಗೆ ನಿಂತಿತು. ತೇವ 60. ಹಾಸಿಗೆಯ ಆ ತಣ್ಣನೆ ಅಂಟು ಹೋಯಿತು. ಮಳೆಗಾಲದಲ್ಲಿ ಗರಿಗರಿ ಚಾದರ ಹೊದ್ದು ಮಲಗಿದ್ದು ಜೀವನದಲ್ಲಿ ಅದೇ ಮೊದಲು. ದಿನಕ್ಕೆ ಎರಡು ಯೂನಿಟ್ ಹತ್ತಿರ ಕರೆಂಟ್ ತಿನ್ನುತ್ತದೆ, ಅದು ಪರವಾಗಿಲ್ಲ.

ತೊಂದರೆ ಇರುವುದು ಕರೆಂಟ್ ಬರುವುದರಲ್ಲೇ. ಗಾಳಿ ಮಳೆಗೆ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕತ್ತಲೆ. ನಮ್ಮ ಇನ್ವರ್ಟರ್ ಈ ಯಂತ್ರವನ್ನು ಹೆಚ್ಚು ಹೊತ್ತು ಎಳೆಯುವುದಿಲ್ಲ. ಎರಡೇ ದಿನದಲ್ಲಿ ಮೀಟರ್ ಮತ್ತೆ 85. ಯಂತ್ರ ಬೇಕಾಗುವುದು ಯಾವಾಗಲೋ ಆಗಲೇ ಅದು ಮಲಗಿರುತ್ತದೆ. ಮತ್ತೆ, ಹಂಚಿನ ಮನೆಗೆ ಇದನ್ನು ತರಲೇಬೇಡಿ. ಅತ್ತೆಯ ಕೋಣೆಯಲ್ಲಿ ಒಂದು ದಿನವಿಡೀ ಓಡಿಸಿದರೂ 84ಕ್ಕಿಂತ ಇಳಿಯಲಿಲ್ಲ. ಹಂಚಿನ ಸಂದಿಯಿಂದ ಇಡೀ ತೋಟದ ಗಾಳಿ ಒಳಗೆ ಬರುತ್ತದೆ.

ಕಿಟಕಿಯ ವಿಷಯದಲ್ಲಿ ನಾನು ತಪ್ಪು ತಿಳಿದಿದ್ದೆ. ಗಾಳಿ ಆಡಿದರೆ ತೇವ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಪುಷ್ಯ ಮಳೆಯಲ್ಲಿ ಒಂದು ಮಧ್ಯಾಹ್ನ ಕಿಟಕಿ ತೆಗೆದಿಟ್ಟೆ. 86 ಇದ್ದದ್ದು 92 ಆಯಿತು. ಹೊರಗೆ ಮೋಡವೇ ನೆಲಕ್ಕೆ ಇಳಿದಿರುವಾಗ ಒಳಗೆ ಇನ್ನೇನು ಬರುತ್ತದೆ? ಡಿಸೆಂಬರಿನಲ್ಲಿ ಪೂರಾ ಉಲ್ಟಾ. ಆಗ ಬೆಳಿಗ್ಗೆ ಗಾಜಿನ ಮೇಲೆ ಇಳಿಯುವ ಹನಿ ನಮ್ಮದೇ ಉಸಿರು. ಮುಚ್ಚಿದ ಕೋಣೆಯಲ್ಲಿ ಇಬ್ಬರು ಮಲಗಿದರೆ ರಾತ್ರಿಗೆ ಅರ್ಧ ಲೀಟರ್ ಹತ್ತಿರ ನೀರು ಗಾಳಿಗೆ ಸೇರುತ್ತದೆ, ತಣ್ಣಗಿನ ಗಾಜಿಗೆ ತಾಗಿ ಹನಿಯಾಗುತ್ತದೆ. ಹೊರಗಿನ ಗಾಳಿ ಚಳಿಯಾದರೂ ಅದರಲ್ಲಿ ನೀರು ಕಡಿಮೆ. ಕಿಟಕಿ ಎರಡು ಬೆರಳಷ್ಟು ತೆಗೆದು ಮಲಗಿದೆವು, ಬೆಳಿಗ್ಗೆ ಗಾಜು ಒಣ. ಚಳಿಗಾಲಕ್ಕೆ ಯಾವ ಯಂತ್ರವೂ ಬೇಕಾಗಲಿಲ್ಲ.

ರೂಮ್ ಹೀಟರ್ ಒಂದು ವಾರ ಇಟ್ಟು ವಾಪಸ್ ಕೊಟ್ಟೆ. ಒಂದು ಕಿಲೋವ್ಯಾಟಿನದು ರಾತ್ರಿಗೆ ಎಂಟು ಯೂನಿಟ್, ಆರಿಸಿದ ಕೂಡಲೇ ಮತ್ತೆ ತಣ್ಣಗೆ. ಕೆಂಡದ ಅಗ್ಗಿಷ್ಟಿಕೆಯನ್ನಂತೂ ನೋಡಲೇ ಇಲ್ಲ. ಬಾಗಿಲು ಹಾಕಿ ಕೆಂಡ ಇಟ್ಟು ಮಲಗಿದವರು ಬೆಳಿಗ್ಗೆ ಏಳದೇ ಹೋಗಬಹುದು. ಕೆಂಡದಿಂದ ಬರುವ ವಿಷದ ಗಾಳಿ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ.

ಇದೆಲ್ಲಕ್ಕಿಂತ ಫಲ ಕೊಟ್ಟದ್ದು ದುಡ್ಡಿಲ್ಲದ ಕೆಲಸ. ಮಳೆಗಾಲದಲ್ಲಿ ಮಂಚದ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದೆವು. ಒಂದು ದಿನ ಮೆಣಸು ತೂಗುವ ಯಂತ್ರದಲ್ಲಿ ಹಸಿ ಬಟ್ಟೆ ಇಟ್ಟೆ, 7 ಕೆಜಿ 300 ಗ್ರಾಂ. ಒಣಗಿದ ಮೇಲೆ 5 ಕೆಜಿ 100. ಎರಡು ಲೀಟರಿಗಿಂತ ಜಾಸ್ತಿ ನೀರನ್ನು ನಾವೇ ಕೋಣೆಗೆ ಸುರಿದು, ಅದನ್ನು ತೆಗೆಯೋಕೆ 18 ಸಾವಿರ ಕೊಟ್ಟಿದ್ದೆವು! ಈಗ ಹಗ್ಗ ಬಚ್ಚಲ ಒಲೆಯ ಮೇಲೆ. ಬಟ್ಟೆಗೆ ಒಂಚೂರು ಹೊಗೆ ವಾಸನೆ ಬರುತ್ತದೆ, ಬರಲಿ. ಮಂಚವನ್ನೂ ಗೋಡೆಯಿಂದ ಗೇಣು ದೂರ ಎಳೆದೆ.

ಹಾಗಂತ ಯಂತ್ರವನ್ನು ಮಾರಿಲ್ಲ. ಕರೆಂಟ್ ಇದ್ದ ದಿನ, ಕಿಟಕಿ ಬಾಗಿಲು ಹಾಕಿ, ಹಾಸಿಗೆಗೋಸ್ಕರ ಓಡಿಸುತ್ತೇನೆ. ಸೀರೆಗೆ ಮಾತ್ರ ಅತ್ತೆಯ ಬಲ್ಬೇ. 40 ವ್ಯಾಟನ್ನು ಇನ್ವರ್ಟರ್ ಸಲೀಸಾಗಿ ಎಳೆಯುತ್ತದೆ. ತಂತಿ ಬಲ್ಬ್ ಅಂಗಡಿಗಳಲ್ಲಿ ಅಪರೂಪ ಆಗುತ್ತಿದೆ ನೋಡಿ, ಮೊನ್ನೆ ಚಿಕ್ಕಮಗಳೂರಿನಲ್ಲಿ ಆರು ಸಿಕ್ಕವು. ಆರೂ ಈಗ ನಮ್ಮ ಅಟ್ಟದ ಮೇಲಿವೆ.